ವೆಸ್ಲಿಯನ್ ಗ್ರೋವ್: ಮಾರ್ತಾಸ್ ವಿನ್‌ಯಾರ್ಡ್ ದ್ವೀಪದ ಪ್ರಾರ್ಥನಾ ಶಿಬಿರದ ಇತಿಹಾಸ – ಪದೇ ಪದೇ ಕೇಳುವ ಪ್ರಶ್ನೆಗಳು

ವೆಸ್ಲಿಯನ್ ಗ್ರೋವ್ ಎಂದರೆ ಏನು, ಅದು ಎಲ್ಲಿದೆ?

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕರಾವಳಿಯ ಆಚೆ, ಕೇಪ್ ಕಾಡ್‌ನ ದಕ್ಷಿಣಕ್ಕೆ, ಮಾರ್ತಾಸ್ ವಿನ್‌ಯಾರ್ಡ್ ಎಂಬ ದ್ವೀಪವಿದೆ. ಸುಮಾರು 250 ಚದರ ಕಿಲೋಮೀಟರ್ ವಿಸ್ತಾರದ ಆ ದ್ವೀಪದಲ್ಲಿ ಆರು ಊರುಗಳಿವೆ. ಈಶಾನ್ಯ ದಂಡೆಯಲ್ಲಿರುವ ಓಕ್ ಬ್ಲಫ್ಸ್ ಎಂಬ ಊರಿನ ನಡುವೆ, ಕಡಲಿನಿಂದ ಕೆಲವೇ ನಿಮಿಷಗಳ ನಡಿಗೆಯ ದೂರದಲ್ಲಿ, ಸುಮಾರು 34 ಎಕರೆಯ ಒಂದು ಓಕ್ ತೋಪಿನಲ್ಲಿ 300ಕ್ಕೂ ಹೆಚ್ಚು ಪುಟ್ಟ ಮರದ ಮನೆಗಳು ಒಂದು ದೊಡ್ಡ ಕಬ್ಬಿಣದ ಸಭಾಮಂಟಪದ ಸುತ್ತ ಗುಂಪುಗೂಡಿ ನಿಂತಿವೆ. ಇದೇ ವೆಸ್ಲಿಯನ್ ಗ್ರೋವ್. 1835ರ ಆಗಸ್ಟ್‌ನಲ್ಲಿ ಮೆಥೋಡಿಸ್ಟ್ ಎಂಬ ಪ್ರೊಟೆಸ್ಟೆಂಟ್ ಪಂಥದ ಕ್ರೈಸ್ತರು ಕೆಲವು ಗುಡಾರಗಳನ್ನು ಹೂಡಿ ಒಂದು ವಾರ ಪ್ರಾರ್ಥನೆ ನಡೆಸಿದ ಜಾಗ ಇದು. ಆ ಒಂದು ವಾರದ ಕೂಟದಿಂದಲೇ ಕ್ರಮೇಣ ಒಂದು ಊರು ಹುಟ್ಟಿತು ಎಂಬುದು ಈ ಸ್ಥಳದ ಇತಿಹಾಸದ ಮುಖ್ಯ ಎಳೆ, ಕೆಳಗಿನ ಹೆಚ್ಚಿನ ಉತ್ತರಗಳು ಅದನ್ನೇ ಹಿಡಿದು ಸಾಗುತ್ತವೆ.

ಬಯಲಿನಲ್ಲಿ ಗುಡಾರ ಹೂಡಿ ಪ್ರಾರ್ಥಿಸುವ ಪದ್ಧತಿ ಅಮೆರಿಕದಲ್ಲಿ ಎಲ್ಲಿಂದ ಬಂತು?

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಪಶ್ಚಿಮದ ಗಡಿನಾಡಿನಲ್ಲಿ ಜನ ದೂರದೂರ ಚದುರಿಕೊಂಡು ನೆಲೆಸಿದ್ದರು; ಚರ್ಚುಗಳು ವಿರಳವಾಗಿದ್ದವು, ಬೋಧಕರು ಇನ್ನೂ ವಿರಳ. ವರ್ಷಕ್ಕೊಮ್ಮೆ, ಹೊಲದ ಕೆಲಸ ಸ್ವಲ್ಪ ಬಿಡುವು ಕೊಟ್ಟಾಗ, ಕುಟುಂಬಗಳು ಗಾಡಿಗಳಲ್ಲಿ ಹಾಸಿಗೆ, ಪಾತ್ರೆ, ದವಸ ತುಂಬಿಕೊಂಡು ಒಂದೆಡೆ ಸೇರಿ, ಹಲವು ದಿನ ಅಲ್ಲೇ ತಂಗಿ ಪ್ರಸಂಗ (ಧರ್ಮೋಪದೇಶ) ಕೇಳುವ ರೂಢಿ ಹೀಗೆ ಬೆಳೆಯಿತು. 1801ರ ಆಗಸ್ಟ್‌ನಲ್ಲಿ ಕೆಂಟಕಿಯ ಕೇನ್ ರಿಡ್ಜ್‌ನಲ್ಲಿ ನಡೆದ ಕೂಟ ಇವುಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು. ಅಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿ ಜನ ಸೇರಿದ್ದರೆಂದು ಅಂದಾಜಿಸಲಾಗಿದೆ. ಅದನ್ನು ಕರೆದವರು ಪ್ರೆಸ್ಬಿಟೇರಿಯನ್ನರು ಎಂಬ ಇನ್ನೊಂದು ಪ್ರೊಟೆಸ್ಟೆಂಟ್ ಪಂಥದವರು. ಆದರೆ ಈ ಪದ್ಧತಿಯನ್ನು ಕೈಗೆತ್ತಿಕೊಂಡು, ಅದಕ್ಕೆ ನಿಯಮ, ವೇಳಾಪಟ್ಟಿ, ಸ್ಥಳವಿನ್ಯಾಸ ಎಲ್ಲವನ್ನೂ ಕೊಟ್ಟು ದೇಶದುದ್ದಕ್ಕೂ ಹಬ್ಬಿಸಿದವರು ಮೆಥೋಡಿಸ್ಟರು. ಕುದುರೆಯ ಮೇಲೆ ಊರೂರು ಸುತ್ತುವ ಬೋಧಕರನ್ನೇ ಅವಲಂಬಿಸಿದ್ದ ಅವರಿಗೆ, ಒಂದು ವಲಯದ ಎಲ್ಲ ಸಭೆಗಳನ್ನೂ (ಊರೂರಿನ ವಿಶ್ವಾಸಿಗಳ ಸಮೂಹಗಳನ್ನೂ) ವರ್ಷಕ್ಕೊಮ್ಮೆ ಒಟ್ಟುಗೂಡಿಸುವ ಈ ಉಜ್ಜೀವನ ಕೂಟ, ಅಂದರೆ ಭಕ್ತಿಯನ್ನು ಮತ್ತೆ ಚೇತನಗೊಳಿಸುವ ಕೂಟ, ಬಹಳ ಚೆನ್ನಾಗಿ ಒದಗಿಬಂತು.

ಮಾರ್ತಾಸ್ ವಿನ್‌ಯಾರ್ಡಿಗೆ ಮೆಥೋಡಿಸ್ಟ್ ಬೋಧನೆಯನ್ನು ಮೊದಲು ತಂದವರು ಯಾರು?

ಈ ಪ್ರಶ್ನೆಗೆ ಹಳೆಯ ಬರಹಗಳಲ್ಲಿ ಬಹುಕಾಲ ಸಿಗುತ್ತಿದ್ದ ಉತ್ತರ ಜೆಸ್ಸಿ ಲೀ ಎಂಬುದು. ಅಮೆರಿಕದ ಈಶಾನ್ಯದ ನ್ಯೂ ಇಂಗ್ಲೆಂಡ್ ಪ್ರಾಂತದಲ್ಲಿ ಮೆಥೋಡಿಸ್ಟ್ ಸಭೆಗಳಿಗೆ ಬುನಾದಿ ಹಾಕಿದ ಈ ಸಂಚಾರಿ ಬೋಧಕ 1795ರಲ್ಲಿ ದ್ವೀಪಕ್ಕೆ ಬಂದದ್ದು ನಿಜ. ಆದರೆ ಅವನಿಗಿಂತ ಎಂಟು ವರ್ಷ ಮೊದಲೇ, 1787ರಲ್ಲಿ, ವರ್ಜೀನಿಯಾದಲ್ಲಿ ಗುಲಾಮನಾಗಿದ್ದು ಬಿಡುಗಡೆ ಪಡೆದ ಜಾನ್ ಸಾಂಡರ್ಸ್ ಎಂಬ ಕಪ್ಪು ಬೋಧಕ ತನ್ನ ಹೆಂಡತಿ ಪ್ರಿಸಿಲ್ಲಾಳೊಂದಿಗೆ ಇಲ್ಲಿಗೆ ಬಂದು, ಈಗಿನ ಓಕ್ ಬ್ಲಫ್ಸ್‌ಗೆ ಸೇರಿದ ಫಾರ್ಮ್ ನೆಕ್ ಭಾಗದಲ್ಲಿ ತನ್ನವರಿಗೆ ಸುವಾರ್ತೆ ಸಾರುತ್ತಿದ್ದ. ಅವನು ನಿಂತು ಬೋಧಿಸುತ್ತಿದ್ದನೆಂದು ಹೇಳಲಾಗುವ ಬಂಡೆ ಇಂದು ದ್ವೀಪದ ಆಫ್ರಿಕನ್ ಅಮೆರಿಕನ್ ಪರಂಪರೆಯ ಹಾದಿಯಲ್ಲಿ ಗುರುತಿಸಲ್ಪಟ್ಟಿದೆ. ಶಿಬಿರದ ಕಥೆಯನ್ನು ಹೇಳುವಾಗ ಈ ದಂಪತಿಯಿಂದ ಆರಂಭಿಸುವುದೇ ನ್ಯಾಯ.

ಇನ್ನೂ ಹಿಂದಕ್ಕೆ ಹೋದರೆ, ದ್ವೀಪದ ಮೂಲನಿವಾಸಿಗಳಾದ ವಾಂಪನೋಗ್ ಜನರ ನಡುವೆ ಕ್ರೈಸ್ತ ಬೋಧನೆ 1640ರ ದಶಕದಲ್ಲಿಯೇ ಶುರುವಾಗಿತ್ತು. ಥಾಮಸ್ ಮೇಹ್ಯೂ ಎಂಬ ಯುವ ಬೋಧಕ ಮತ್ತು ಅವನ ಮಾತು ಕೇಳಿ ಮೊದಲು ವಿಶ್ವಾಸಿಯಾದ ಹಯಾಕೂಮ್ಸ್ ಎಂಬ ವಾಂಪನೋಗ್ ವ್ಯಕ್ತಿ ಆ ಕೆಲಸದ ಮುಂಚೂಣಿಯಲ್ಲಿದ್ದರು. ಶಿಬಿರದವರು ಬಂದಾಗ ದ್ವೀಪದ ಕ್ರೈಸ್ತ ಚರಿತ್ರೆಗೆ ಆಗಲೇ ಸುಮಾರು ಇನ್ನೂರು ವರ್ಷ ವಯಸ್ಸಾಗಿತ್ತು.

1835ರ ಮೊದಲ ಶಿಬಿರ ಹೇಗಿತ್ತು?

ಬಹಳ ಸರಳವಾಗಿತ್ತು. ಎಡ್ಗರ್‌ಟೌನ್ ಬಂದರಿನ ದೀಪಸ್ತಂಭದ ಮೊದಲ ಕಾವಲುಗಾರನಾಗಿದ್ದ ಜೆರೆಮೈಯಾ ಪೀಸ್ ಎಂಬವನು ಸ್ಥಳವನ್ನು ಆರಿಸಿದ. ಕಾಂಗ್ರಿಗೇಷನಲ್ ಎಂಬ ಬೇರೊಂದು ಪ್ರೊಟೆಸ್ಟೆಂಟ್ ಪಂಥದ ಸಭೆಯಲ್ಲಿ ಬೆಳೆದು ಮೆಥೋಡಿಸ್ಟರ ಜೊತೆ ಸೇರಿದ್ದ ಅವನು ಭೂಮಿ ಅಳೆಯುವ ಕೆಲಸವನ್ನೂ ಬಲ್ಲವನಾಗಿದ್ದ. ಆದ್ದರಿಂದ ಅವನ ಆಯ್ಕೆ ಬರಿಯ ಭಕ್ತಿಯ ಆವೇಶದ್ದಲ್ಲ, ನೆಲ ಬಲ್ಲವನ ಆಯ್ಕೆ. ಕುರಿಗಳು ಮೇಯುತ್ತಿದ್ದ ಒಂದು ಹುಲ್ಲುಗಾವಲಿನ ನಡುವಿನ ಓಕ್ ತೋಪು ಅದು: ಮೇಲೆ ನೆರಳು, ಹತ್ತಿರದಲ್ಲೇ ಒಂದು ಕೊಳ, ಕೂಗಳತೆಯಲ್ಲಿ ಕಡಲು, ಅಕ್ಕಪಕ್ಕದಲ್ಲಿ ಹೆಂಡದಂಗಡಿಯಾಗಲಿ ವಸತಿಯಾಗಲಿ ಇಲ್ಲ. ಮರಗಳ ಕೆಳಗಿನ ಪೊದೆ ಸವರಿ, ಒರಟು ಹಲಗೆಗಳಿಂದ ಬೋಧಕರಿಗೊಂದು ಅಟ್ಟಣೆ ಕಟ್ಟಿ, ಅದರ ಮುಂದೆ ಬೆನ್ನೊರಗಿಲ್ಲದ ಬೆಂಚುಗಳನ್ನು ಹಾಕಿ, ಅರ್ಧವೃತ್ತಾಕಾರವಾಗಿ ಒಂಬತ್ತು ಗುಡಾರಗಳನ್ನು ಹೂಡಿದರು.

ಆ ಗುಡಾರಗಳು ಒಂದೊಂದು ಕುಟುಂಬದವಲ್ಲ, ಒಂದೊಂದು ಊರಿನ ಸಭೆಯವು. ಒಳಗೆ ನೆಲಕ್ಕೆ ಹುಲ್ಲು ಹಾಸಿರುತ್ತಿದ್ದರು. ನಡುವೆ ಒಂದು ಬಟ್ಟೆಯ ತೆರೆ ಇಳಿಬಿಟ್ಟು ಒಂದು ಕಡೆ ಗಂಡಸರು, ಇನ್ನೊಂದು ಕಡೆ ಹೆಂಗಸರು ಮಲಗುತ್ತಿದ್ದರು. ಹಗಲಿನಲ್ಲಿ ಅದೇ ಜಾಗ ಪ್ರಾರ್ಥನೆಯ ಕೋಣೆಯಾಗುತ್ತಿತ್ತು. ಮಳೆ ಬಂದಾಗ ಪ್ರಸಂಗವೂ ಅಲ್ಲೇ.

ಶಿಬಿರದ ದಿನಚರಿ ಏನಾಗಿತ್ತು?

ಬೆಳಗಿನ ಗಂಟೆಗೆ ಎದ್ದು ಗುಡಾರಗಳಲ್ಲಿ ಪ್ರಾರ್ಥನೆ, ಬೆಳಗಿನ ಊಟದ ನಂತರ ಅಟ್ಟಣೆಯ ಮುಂದೆ ಪ್ರಸಂಗ, ಮಧ್ಯಾಹ್ನ ಮತ್ತೊಂದು, ಸಂಜೆ ದೀಪ ಹಚ್ಚಿದ ಮೇಲೆ ಇನ್ನೊಂದು. ಇವುಗಳ ನಡುವೆ ಕೀರ್ತನೆ, ಸಾಕ್ಷಿ ಹೇಳುವುದು (ತಮ್ಮ ವಿಶ್ವಾಸದ ಅನುಭವವನ್ನು ಎಲ್ಲರೆದುರು ಹಂಚಿಕೊಳ್ಳುವುದು), ಮಾನಸಾಂತರಕ್ಕೆ (ಪಶ್ಚಾತ್ತಾಪಪಟ್ಟು ದೇವರ ಕಡೆ ತಿರುಗಲು) ಮುಂದೆ ಬಂದವರಿಗಾಗಿ ವಿಶೇಷ ಪ್ರಾರ್ಥನೆ. ಪ್ರಸಂಗ ಮಾಡುವವರು ನೇಮಕವಾದ ಬೋಧಕರಾದರೂ, ಸಾಕ್ಷಿ ಹೇಳುವ ಹೊತ್ತಿನಲ್ಲಿ ಮೀನುಗಾರನೂ ಮನೆಗೆಲಸದ ಹೆಣ್ಣುಮಗಳೂ ಎದ್ದು ನಿಂತು ಮಾತನಾಡಬಹುದಾಗಿತ್ತು. ಆ ಕಾಲದ ಬೇರೆ ಯಾವ ಸಾರ್ವಜನಿಕ ಸಭೆಯಲ್ಲಿಯೂ ಹೆಂಗಸರಿಗೆ ಅಷ್ಟು ಸುಲಭವಾಗಿ ಸಿಗದ ಅವಕಾಶ ಇದು. ಹಾಡುಗಾರಿಕೆಗೆ ಪುಸ್ತಕ ಬೇಕಿರಲಿಲ್ಲ. ಪಲ್ಲವಿ ಮರುಕಳಿಸುವ ಸರಳ ಹಾಡುಗಳನ್ನು ಓದು ಬಾರದವರೂ ಒಂದೆರಡು ಸಲ ಕೇಳಿ ಕಲಿಯುತ್ತಿದ್ದರು.

ಶಿಬಿರಕ್ಕೆ ಬರಲು ಕಡಲು ದಾಟಬೇಕಿತ್ತಲ್ಲ. ಆದರೂ ದ್ವೀಪವನ್ನೇ ಏಕೆ ಆರಿಸಿದರು?

ಮೊದಲಿಗೆ ಇದು ದ್ವೀಪದವರೇ ದ್ವೀಪದವರಿಗಾಗಿ ನಡೆಸಿದ ಕೂಟ. 1827ರಲ್ಲಿಯೇ ದ್ವೀಪದ ವೆಸ್ಟ್ ಚಾಪ್ ಎಂಬಲ್ಲಿ ಒಮ್ಮೆ ಇಂಥ ಶಿಬಿರ ನಡೆದಿತ್ತು. ಆದರೆ ಆ ಕಾಲದಲ್ಲಿ ಕಡಲು ಅಡ್ಡಿಯಾಗಿರುವುದಕ್ಕಿಂತ ಹೆಚ್ಚಾಗಿ ದಾರಿಯೇ ಆಗಿತ್ತು ಎಂಬುದನ್ನು ನಾವು ಮರೆಯಬಾರದು. ತಿಮಿಂಗಿಲ ಬೇಟೆಯ ದೊಡ್ಡ ಬಂದರುಗಳಾಗಿದ್ದ ನ್ಯೂ ಬೆಡ್‌ಫರ್ಡ್ ಮತ್ತು ನಾಂಟಕೆಟ್, ರೋಡ್ ಐಲೆಂಡ್‌ನ ಕರಾವಳಿ ಪಟ್ಟಣಗಳು, ಕೇಪ್ ಕಾಡ್‌ನ ಹಳ್ಳಿಗಳು – ಇವುಗಳ ನಡುವೆ ಗಾಡಿಯಲ್ಲಿ ಹೋಗುವುದಕ್ಕಿಂತ ಹಾಯಿದೋಣಿಯಲ್ಲಿ ಹೋಗುವುದೇ ಸುಲಭವಾಗಿತ್ತು. ಒಂದಿಡೀ ಸಭೆ ತನ್ನ ಗುಡಾರ, ಒಲೆ, ಹುಲ್ಲಿನ ಹೊರೆಗಳೊಂದಿಗೆ ಒಂದೇ ದೋಣಿಯಲ್ಲಿ ಬಂದಿಳಿಯಬಹುದಿತ್ತು. 1840ರಲ್ಲಿ ನ್ಯೂ ಬೆಡ್‌ಫರ್ಡಿಗೆ ರೈಲು ಬಂದ ಮೇಲೆ ಬಾಸ್ಟನ್ ಕಡೆಯವರಿಗೂ ದಾರಿ ತೆರೆಯಿತು, ಹಾಯಿದೋಣಿಗಳ ಜಾಗಕ್ಕೆ ಉಗಿಹಡಗುಗಳು ಬಂದವು. 1872ರಲ್ಲಿ ರೈಲು ವುಡ್ಸ್ ಹೋಲ್‌ವರೆಗೆ ತಲುಪಿದಾಗ ಕಡಲ ಪಯಣ ಇನ್ನೂ ಚಿಕ್ಕದಾಯಿತು.

ದ್ವೀಪವಾಗಿರುವುದರಲ್ಲಿ ಇನ್ನೊಂದು ಅನುಕೂಲವೂ ಇತ್ತು. ಒಳನಾಡಿನ ಶಿಬಿರಗಳ ಅಂಚಿನಲ್ಲಿ ಮದ್ಯ ಮಾರುವವರು, ಜೂಜುಕೋರರು, ಗಲಾಟೆಗೆಂದೇ ಬರುವ ಪುಂಡರು ಸೇರುವುದು ಸಾಮಾನ್ಯ ದೂರಾಗಿತ್ತು. ಹಡಗಿನ ಟಿಕೆಟ್ ಕೊಂಡು ಕಡಲು ದಾಟಿ ಬರುವಷ್ಟು ಶ್ರಮ ಅಂಥವರಲ್ಲಿ ಹೆಚ್ಚಿನವರಿಗೆ ಬೇಕಿರಲಿಲ್ಲ.

ನಡುವೆ ಶಿಬಿರ ನಿಂತುಹೋಗಿತ್ತೇ?

1845ರಲ್ಲಿ ಶಿಬಿರವನ್ನು ಕಡಲಾಚೆಯ ಮುಖ್ಯಭೂಮಿಯಲ್ಲಿರುವ ವೆಸ್ಟ್‌ಪೋರ್ಟ್ ಎಂಬಲ್ಲಿಗೆ ಒಯ್ದರು. ಮರುವರ್ಷವೇ ದ್ವೀಪಕ್ಕೆ ಮರಳಿದರು. ಅಲ್ಲಿಂದ ಮುಂದೆ ಬಂದವರ ಸಂಖ್ಯೆ ಏರುತ್ತಲೇ ಹೋಯಿತು. 1850ರ ದಶಕದ ಕೊನೆಯ ಹೊತ್ತಿಗೆ ಗುಡಾರಗಳು ನೂರಾರು, ಶಿಬಿರದ ದೊಡ್ಡ ಭಾನುವಾರದಂದು ಸೇರುವ ಜನ ಸುಮಾರು ಹನ್ನೆರಡು ಸಾವಿರ. ಇಡೀ ದ್ವೀಪದ ಜನಸಂಖ್ಯೆಗಿಂತ ಇದು ಎಷ್ಟೋ ಹೆಚ್ಚು.

ಗುಡಾರಗಳು ಮನೆಗಳಾದದ್ದು ಹೇಗೆ?

ವೆಸ್ಲಿಯನ್ ಗ್ರೋವ್‌ನ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಅಮೂಲ್ಯವೆನಿಸುವ ಅಧ್ಯಾಯ ಇದು, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲ ಬದಲಾವಣೆ ಸಭೆಯ ಗುಡಾರದಿಂದ ಕುಟುಂಬದ ಗುಡಾರಕ್ಕೆ ಆದದ್ದು. ಪ್ರತಿವರ್ಷ ಬರುವ ಕುಟುಂಬಗಳು ತೆರೆಯಾಚೆ ಸಾಮೂಹಿಕವಾಗಿ ಮಲಗುವುದಕ್ಕಿಂತ ಗಂಡ, ಹೆಂಡತಿ, ಮಕ್ಕಳು ಒಂದೆಡೆ ಇರುವುದನ್ನು ಬಯಸಿದವು. ಅಧಿಕೃತರು ಮೊದಲು ಹಿಂಜರಿದರೂ ಕ್ರಮೇಣ ಒಪ್ಪಿದರು. ಸಭೆಗಳ ದೊಡ್ಡ ಗುಡಾರಗಳು ನಡುವಿನ ವೃತ್ತದ ಸುತ್ತ ಉಳಿದವು. ಕುಟುಂಬಗಳ ಗುಡಾರಗಳು ಅವುಗಳ ಹಿಂದೆ, ಮರಗಳ ನಡುವಿನ ಕಿರುದಾರಿಗಳಲ್ಲಿ ಹರಡಿದವು. ಎರಡನೆಯ ಹಂತದಲ್ಲಿ ತೇವದಿಂದ ತಪ್ಪಿಸಿಕೊಳ್ಳಲು ನೆಲಕ್ಕೆ ಹಲಗೆಯ ಜಗಲಿ ಬಂತು. ಮುಂದೆ ಕೆಳಗಿನ ಗೋಡೆಗೆ ಹಲಗೆ, ಆಮೇಲೆ ಮುಂಭಾಗಕ್ಕೆ ಬಾಗಿಲಿರುವ ಮರದ ಮೊಗ. ಮೇಲೆ ಮಾತ್ರ ಇನ್ನೂ ಕ್ಯಾನ್ವಾಸ್. ಕೊನೆಗೆ, 1850ರ ದಶಕದ ಉತ್ತರಾರ್ಧದಿಂದ ಆರಂಭಿಸಿ 1870ರ ದಶಕದ ತನಕ, ಪೂರ್ತಿ ಮರದ ಮನೆಗಳು ಎದ್ದವು. ಅಮೆರಿಕದ ಅಂತರ್ಯುದ್ಧ 1865ರಲ್ಲಿ ಮುಗಿದ ನಂತರದ ಹತ್ತು ಹದಿನೈದು ವರ್ಷಗಳಲ್ಲಿ ಇವುಗಳ ಸಂಖ್ಯೆ ಸುಮಾರು ಐನೂರಕ್ಕೆ ಮುಟ್ಟಿತು.

ಆದರೆ ಈ ಮನೆಗಳು ಗುಡಾರವನ್ನು ಮರೆಯಲಿಲ್ಲ. ಗುಡಾರ ನಿಲ್ಲುತ್ತಿದ್ದ ಅದೇ ಸಣ್ಣ ಜಾಗದಲ್ಲಿ ಕಟ್ಟಿದ್ದರಿಂದ ಅಗಲ ಕಿರಿದು, ಮಾಡು ಕಡಿದಾದ ಇಳಿಜಾರು, ತುದಿ ಮೊನಚು. ಗುಡಾರದ ಎರಡು ಪರದೆಗಳನ್ನು ಪಕ್ಕಕ್ಕೆ ಸರಿಸುವಂತೆ ಮುಂಬಾಗಿಲಿನ ಎರಡು ಕದಗಳೂ ಅಗಲವಾಗಿ ತೆರೆದುಕೊಳ್ಳುತ್ತವೆ. ತೆರೆದಾಗ ಒಳಕೋಣೆ ಬೀದಿಯವರಿಗೆ ಪೂರ್ತಿ ಕಾಣುತ್ತದೆ. ಬಾಗಿಲು ಕಿಟಕಿಗಳ ಕಮಾನು ಚರ್ಚಿನದು, ಗಾಥಿಕ್ ಶೈಲಿಯ ಮೊನಚು ಕಮಾನು ಅಥವಾ ಅರ್ಧವೃತ್ತ. ಬಾಗಿಲ ಮೇಲೆ ಒಂದು ಪುಟ್ಟ ಬಾಲ್ಕನಿ. ಮಾಡಿನ ಅಂಚಿನುದ್ದಕ್ಕೂ ಸಣ್ಣ ಗರಗಸದಿಂದ ಹಲಗೆಯಲ್ಲಿ ಕೊರೆದ ಬಳ್ಳಿ, ಎಲೆ, ಸುರುಳಿ, ಹೃದಯದ ಆಕಾರಗಳು. ಗೋಡೆಯ ರಚನೆ ಇನ್ನೂ ಕುತೂಹಲಕರ. ಸಾಮಾನ್ಯ ಅಮೆರಿಕನ್ ಮರದ ಮನೆಯಲ್ಲಿ ಒಳಗೊಂದು ಕಂಬಗಳ ಚೌಕಟ್ಟು, ಹೊರಗೊಂದು ಹೊದಿಕೆ ಇರುತ್ತದೆ. ಇಲ್ಲಿ ಮೂಲೆಗಳಲ್ಲಿ ಮಾತ್ರ ಕಂಬ; ಉಳಿದಂತೆ ಒಂದರ ತೋಡಿಗೆ ಇನ್ನೊಂದರ ಅಂಚು ಸಿಕ್ಕಿಸಿ ಲಂಬವಾಗಿ ನಿಲ್ಲಿಸಿದ ದಪ್ಪ ಹಲಗೆಗಳೇ ಭಾರವನ್ನೂ ಹೊರುತ್ತವೆ, ಗೋಡೆಯೂ ಆಗುತ್ತವೆ. ಒಳಗಡೆಯಿಂದ ಕೈಯಿಟ್ಟರೆ ಸಿಗುವುದೂ ಅದೇ ಹಲಗೆ, ಹೊರಗಡೆ ಬಣ್ಣ ಬಳಿದಿರುವುದೂ ಅದೇ ಹಲಗೆ. ಚಳಿಗಾಲ ಕಳೆಯಲು ಇಂಥ ಮನೆ ಸಾಲದು, ಬೇಸಿಗೆಗೆ ಧಾರಾಳವಾಗಿ ಸಾಕು. ಕಡಿಮೆ ಮರ, ಕಡಿಮೆ ಖರ್ಚು, ಕೆಲವೇ ದಿನಗಳ ಕೆಲಸ.

ಒಬ್ಬ ದೊಡ್ಡ ವಾಸ್ತುಶಿಲ್ಪಿ ಕುಳಿತು ಬರೆದ ನಕ್ಷೆ ಇದಲ್ಲ. ಊರಿನ ಬಡಗಿಗಳು ಮತ್ತು ಶಿಬಿರಕ್ಕೆ ಬರುತ್ತಿದ್ದ ಗೃಹಸ್ಥರು, ಗುಡಾರದಲ್ಲಿ ಇದ್ದಾಗಿನ ಸಲಿಗೆಯನ್ನು ಬಿಟ್ಟುಕೊಡದೆ ಮಳೆಗಾಳಿಯಿಂದ ರಕ್ಷಣೆ ಪಡೆಯುವ ಪ್ರಯತ್ನದಲ್ಲಿ ಕಂಡುಕೊಂಡ ರೂಪ. ಇದನ್ನು ಬರಿಯ ಅಲಂಕಾರದ ಮನೆಗಳೆಂದು ನೋಡುವವರು ಅದರ ಅರ್ಧವನ್ನಷ್ಟೇ ನೋಡುತ್ತಾರೆ ಎಂಬುದು ನನ್ನ ಖಚಿತ ಅಭಿಪ್ರಾಯ. ಬಾಗಿಲು ತೆರೆದಿಟ್ಟು, ಜಗಲಿಯಲ್ಲಿ ಕುಳಿತು, ದಾರಿಯಲ್ಲಿ ಹೋಗುವ ಪ್ರತಿಯೊಬ್ಬರೊಂದಿಗೂ ಮಾತಾಡುವ ಒಂದು ಸಹೋದರತ್ವದ ಬದುಕಿಗೆ ತಕ್ಕಂತೆ ಆ ಗೋಡೆಗಳು ಎದ್ದಿವೆ.

ಜಮೀನು ಯಾರದು, ಮನೆ ಯಾರದು?

ಮೊದಲು ಜಮೀನನ್ನು ಗುತ್ತಿಗೆಗೆ ಪಡೆದಿದ್ದರು. 1860ರ ದಶಕದಲ್ಲಿ ಶಿಬಿರದ ಸಂಘವೇ ಅದನ್ನು ಕೊಂಡಿತು. 1868ರಲ್ಲಿ ಮ್ಯಾಸಚೂಸೆಟ್ಸ್ ಶಾಸನಸಭೆಯ ಸನದಿನ ಮೂಲಕ ಮಾರ್ತಾಸ್ ವಿನ್‌ಯಾರ್ಡ್ ಕ್ಯಾಂಪ್ ಮೀಟಿಂಗ್ ಅಸೋಸಿಯೇಷನ್ ಎಂಬ ಹೆಸರಿನಲ್ಲಿ ಕಾನೂನುಬದ್ಧ ಸಂಸ್ಥೆಯಾಯಿತು. ಅಂದಿನಿಂದ ಇಂದಿನವರೆಗೂ ವ್ಯವಸ್ಥೆ ಒಂದೇ: ನೆಲ ಸಂಘದ್ದು, ಅದರ ಮೇಲಿನ ಮನೆ ಕುಟುಂಬದ್ದು. ಮನೆಯವರು ನೆಲಕ್ಕೆ ಬಾಡಿಗೆ ಕೊಡುತ್ತಾರೆ, ಸಂಘದ ನಿಯಮಗಳನ್ನು ಪಾಲಿಸುತ್ತಾರೆ. ದ್ವೀಪದ ಭೂಮಿಯ ಬೆಲೆ ಆಕಾಶಕ್ಕೇರಿದ ಕಾಲದಲ್ಲೂ ತೋಪು ತುಂಡುತುಂಡಾಗಿ ಮಾರಾಟವಾಗದೆ ಉಳಿಯಲು ಈ ಏರ್ಪಾಡೇ ಮುಖ್ಯ ಕಾರಣ.

ಶಿಬಿರದ ಸುತ್ತ ಎತ್ತರದ ಬೇಲಿ ಹಾಕಿದ್ದರು ಎನ್ನುತ್ತಾರೆ. ಅದು ಏಕೆ?

1866ರಲ್ಲಿ ಓಕ್ ಬ್ಲಫ್ಸ್ ಲ್ಯಾಂಡ್ ಅಂಡ್ ವಾರ್ಫ್ ಕಂಪನಿ ಎಂಬ ಭೂವ್ಯಾಪಾರದ ಸಂಸ್ಥೆ ಹುಟ್ಟಿತು. ಫಾಕ್ಸ್‌ಬರೋ ಊರಿನಲ್ಲಿ ಹುಲ್ಲಿನ ಟೋಪಿಗಳ ಕಾರ್ಖಾನೆ ನಡೆಸುತ್ತಿದ್ದ ಎರಾಸ್ಟಸ್ ಕಾರ್ಪೆಂಟರ್ ಅದರ ಮುಂದಾಳು. ಶಿಬಿರಕ್ಕೂ ಕಡಲಿಗೂ ನಡುವಿನ ಭೂಮಿಯನ್ನು ಕೊಂಡು, ರಾಬರ್ಟ್ ಮಾರಿಸ್ ಕೋಪ್‌ಲೆಂಡ್ ಎಂಬ ಭೂದೃಶ್ಯ ವಿನ್ಯಾಸಕಾರನಿಂದ ಬಾಗುಬೀದಿಗಳ, ಉದ್ಯಾನಗಳ ನಕ್ಷೆ ಮಾಡಿಸಿ, ನಿವೇಶನಗಳನ್ನು ಮಾರಲಾರಂಭಿಸಿತು. ತನ್ನದೇ ಹಡಗುಕಟ್ಟೆಯನ್ನೂ ಕಟ್ಟಿತು. ಪ್ರಾರ್ಥನೆಗೆ ಬಂದವರು ಕಡಲಗಾಳಿ, ಸ್ನಾನ, ಕ್ರೋಕೆ ಆಟಗಳ ರುಚಿಯನ್ನೂ ಕಂಡುಕೊಂಡಿದ್ದಾರೆ, ಅವರ ಹಿಂದೆ ಕೇವಲ ವಿಹಾರಕ್ಕೆ ಬರುವವರೂ ಇದ್ದಾರೆ ಎಂಬುದನ್ನು ಕಂಪನಿ ಸರಿಯಾಗಿಯೇ ಲೆಕ್ಕ ಹಾಕಿತ್ತು.

ಶಿಬಿರದ ಹಿರಿಯರಿಗೆ ಇದರಿಂದ ಆತಂಕವಾಯಿತು. 1867ರಲ್ಲಿ ಶಿಬಿರದ ಸುತ್ತ ಸುಮಾರು ಏಳಡಿ ಎತ್ತರದ ಬೇಲಿ ಎದ್ದಿತು. ಅದು ಸಾಲದೆಂದು, ಅಗತ್ಯ ಬಿದ್ದರೆ ಶಿಬಿರವನ್ನೇ ಸ್ಥಳಾಂತರಿಸಲು ಅನುಕೂಲವಾಗಲೆಂದು, ಕೊಳದ ಆಚೆಯ ಈಸ್ಟ್ ಚಾಪ್ ದಿಣ್ಣೆಯ ಮೇಲೆ ಶಿಬಿರಕ್ಕೆ ಸಂಬಂಧಿಸಿದವರು ಪ್ರತ್ಯೇಕವಾಗಿ ಭೂಮಿಯನ್ನೂ ಕೊಂಡರು. ಆದರೆ ಕಂಪನಿ ಮತ್ತು ಶಿಬಿರ ಸಂಪೂರ್ಣವಾಗಿ ವೈರಿಗಳೇನೂ ಆಗಿರಲಿಲ್ಲ. ಶಿಬಿರದ ಕೆಲವು ಸದಸ್ಯರೇ ಹೊಸ ನಿವೇಶನಗಳನ್ನು ಕೊಂಡರು. ಕಂಪನಿ ಕಟ್ಟಿಸಿದ ಆರ್ಕೇಡ್ ಎಂಬ ಕಟ್ಟಡದ ಕೆಳಗಿನಿಂದ ಸರ್ಕಿಟ್ ಅವೆನ್ಯೂ ಬೀದಿಯವರು ನೇರವಾಗಿ ಶಿಬಿರದೊಳಕ್ಕೆ ಹಾಯಬಹುದಿತ್ತು, ಆ ಹಾದಿ ಈಗಲೂ ಇದೆ. ಬೇಲಿ ಮಾತ್ರ ಉಳಿಯಲಿಲ್ಲ.

ಈ ಘರ್ಷಣೆಯನ್ನು ಭಕ್ತಿಗೂ ಭೋಗಕ್ಕೂ ನಡೆದ ಯುದ್ಧವೆಂದು ಚಿತ್ರಿಸುವುದು ಸುಲಭ, ಆದರೆ ಸರಿಯಲ್ಲ. ವರ್ಷವಿಡೀ ಅಂಗಡಿ, ಕಾರ್ಖಾನೆ, ಹಡಗುಕಟ್ಟೆಗಳಲ್ಲಿ ದುಡಿಯುತ್ತಿದ್ದ ಮೆಥೋಡಿಸ್ಟ್ ಕುಟುಂಬಗಳಿಗೆ ವಿಶ್ರಾಂತಿ ಎಂಬುದೇ ಮನಸ್ಸಿಗೆ ಕಚ್ಚುವ ವಿಷಯವಾಗಿತ್ತು. ಸುಮ್ಮನೆ ಕಾಲ ಕಳೆಯುವುದು ಪಾಪಕ್ಕೆ ಹತ್ತಿರದ್ದೆಂದು ಅವರು ಕಲಿತಿದ್ದರು. ಪ್ರಾರ್ಥನೆಯ ನೆರಳಿನಲ್ಲಿ ವಿಶ್ರಾಂತಿಗೂ ಒಂದು ಮರ್ಯಾದೆಯ ಸ್ಥಾನ ದೊರಕಿದ್ದು ಇಂಥ ಶಿಬಿರಗಳಲ್ಲಿ. ನ್ಯೂ ಜೆರ್ಸಿ ಕರಾವಳಿಯಲ್ಲಿ 1869ರಲ್ಲಿ ಸ್ಥಾಪನೆಯಾದ ಓಷನ್ ಗ್ರೋವ್, ಮಿಶಿಗನ್‌ನ ಬೇ ವ್ಯೂ ಮುಂತಾದವು ಇದೇ ದಾರಿ ಹಿಡಿದವು.

ಊರಿನ ಹೆಸರು ಹಲವು ಸಲ ಬದಲಾದದ್ದು ನಿಜವೇ?

ನಿಜ. ಮೊದಲು ಇದೆಲ್ಲ ಎಡ್ಗರ್‌ಟೌನ್‌ಗೆ ಸೇರಿತ್ತು. 1880ರಲ್ಲಿ ಬೇರೆಯಾಗಿ ಕಾಟೇಜ್ ಸಿಟಿ ಎಂಬ ಸ್ವತಂತ್ರ ಊರಾಯಿತು. 1907ರಲ್ಲಿ ಓಕ್ ಬ್ಲಫ್ಸ್ ಎಂದು ಹೆಸರಾಯಿತು.

ನಡುವಿನ ಕಬ್ಬಿಣದ ಸಭಾಮಂಟಪದ ಕಥೆ ಏನು?

ಬಹುಕಾಲ ಜನ ಮರಗಳ ನೆರಳಿನಲ್ಲೇ ಕುಳಿತು ಪ್ರಸಂಗ ಕೇಳುತ್ತಿದ್ದರು. ಕಾಲಕ್ರಮೇಣ ಓಕ್ ಮರಗಳು ಕ್ಷೀಣಿಸಿದವು, ಬಿಸಿಲು ಮಳೆ ಎರಡೂ ನೇರವಾಗಿ ತಲೆಯ ಮೇಲೆ ಬೀಳತೊಡಗಿದವು. 1870ರಲ್ಲಿ ಹಾಯಿಬಟ್ಟೆಯ ಒಂದು ಬೃಹತ್ ಗುಡಾರವನ್ನು ಎತ್ತಿದರು. ಸಾವಿರಾರು ಜನ ಕೂರಬಹುದಾದ ಅದನ್ನು ಪ್ರತಿವರ್ಷ ಎತ್ತಿ ಇಳಿಸಬೇಕಿತ್ತು, ಕಡಲಗಾಳಿಗೆ ಅದು ಹರಿಯುತ್ತಿತ್ತು. ಶಾಶ್ವತ ಕಟ್ಟಡ ಬೇಕೆಂದಾಗ ಮೊದಲು ಯೋಚಿಸಿದ್ದು ಮರದಿಂದ ಕಟ್ಟುವುದನ್ನು, ಆದರೆ ಅಂದಾಜು ವೆಚ್ಚ ಸಂಘದ ಶಕ್ತಿ ಮೀರಿತ್ತು. ಆಗ ಸ್ಪ್ರಿಂಗ್‌ಫೀಲ್ಡ್ ಊರಿನ ಜೆ. ಡಬ್ಲ್ಯೂ. ಹಾಯ್ಟ್ ಎಂಬಾತ ಅದಕ್ಕಿಂತ ಕಡಿಮೆ ವೆಚ್ಚದಲ್ಲಿ ಕಬ್ಬಿಣದಿಂದ ಕಟ್ಟಿಕೊಡಲು ಮುಂದೆ ಬಂದ. 1879ರ ಬೇಸಿಗೆಗೆ ಮಂಟಪ ಸಿದ್ಧವಾಯಿತು.

ಅದರ ಕೆಳಗೆ ನಿಂತು ಮೇಲೆ ನೋಡಿದರೆ ಎಲುಬುಗಳೆಲ್ಲ ಕಣ್ಣಿಗೆ ಕಾಣುತ್ತವೆ: ಕಬ್ಬಿಣದ ಕೊಳವೆಗಳು, ಕೋನಪಟ್ಟಿಗಳು, ಸರಳುಗಳು ಕಮಾನುಗಳಾಗಿ ಬಾಗಿ ಒಂದರ ಮೇಲೊಂದು ಹಂತಹಂತವಾಗಿ ಏರುವ ಸುಕ್ಕುತಗಡಿನ ಮಾಡನ್ನು ಹೊತ್ತಿವೆ, ಹಂತಗಳ ನಡುವೆ ಬಣ್ಣದ ಗಾಜಿನ ಕಿಟಕಿಗಳ ಸಾಲು, ತುದಿಯಲ್ಲೊಂದು ಗೋಪುರ. ಸುತ್ತಲೂ ಗೋಡೆಯೇ ಇಲ್ಲ. ಹಿಂದಿನ ಸಾಲಿನ ಬೆಂಚಿನವರು ಹಾಡುತ್ತಿರುವಾಗ ಪಕ್ಕದ ಹುಲ್ಲಿನ ಮೇಲೆ ನಿಂತವರೂ ಸಭೆಯ ಭಾಗವೇ ಆಗುತ್ತಾರೆ. ಹೊಸ ಕೈಗಾರಿಕಾ ಯುಗದ ವಸ್ತುವಿನಿಂದ ಗುಡಾರದ ಗುಣವನ್ನು ಇಷ್ಟು ಚೆನ್ನಾಗಿ ಉಳಿಸಿಕೊಂಡ ಆರಾಧನಾ ಸ್ಥಳ ಅಮೆರಿಕದಲ್ಲಿ ಬಹಳ ವಿರಳ.

ಅಮೆರಿಕದ ಅಧ್ಯಕ್ಷರು ಇಲ್ಲಿಗೆ ಬಂದಿದ್ದರೇ?

ಹೌದು. 1874ರ ಆಗಸ್ಟ್‌ನಲ್ಲಿ ಅಧ್ಯಕ್ಷ ಯುಲಿಸಿಸ್ ಗ್ರಾಂಟ್ ಬಂದು ಬಿಷಪ್ ಗಿಲ್ಬರ್ಟ್ ಹೇವನ್ ಅವರ ಮನೆಯಲ್ಲಿ ತಂಗಿದ್ದರು, ಕ್ಯಾನ್ವಾಸ್ ಗುಡಾರದಲ್ಲಿ ನಡೆದ ಆರಾಧನೆಗೂ ಹಾಜರಾದರು. ಹೇವನ್ ಗುಲಾಮಗಿರಿಯ ನಿರ್ಮೂಲನೆಗಾಗಿ ಅವಿರತವಾಗಿ ಬರೆದು ಮಾತನಾಡಿದ ಮೆಥೋಡಿಸ್ಟ್ ನಾಯಕರು. ಆ ಭೇಟಿಯ ನಂತರ ದೇಶದ ಪತ್ರಿಕೆಗಳ ಗಮನವೆಲ್ಲ ಈ ಪುಟ್ಟ ಮನೆಗಳ ಕಡೆಗೆ ತಿರುಗಿತು.

ಪ್ರತಿ ಆಗಸ್ಟ್‌ನಲ್ಲಿ ನಡೆಯುವ ದೀಪೋತ್ಸವ ಮೂಲತಃ ಧಾರ್ಮಿಕ ಆಚರಣೆಯೇ?

ಅಲ್ಲ. 1869ರಲ್ಲಿ ಇದನ್ನು ಆರಂಭಿಸಿದ್ದು ಪಕ್ಕದ ವಿಹಾರತಾಣದ ಕಂಪನಿ. ಜಪಾನಿನ ಶೈಲಿಯ ಕಾಗದದ ಲಾಟೀನುಗಳನ್ನು ಮನೆಗಳಿಗೆ ತೂಗುಹಾಕುವ ಆ ಸಂಭ್ರಮವನ್ನು ಶಿಬಿರದವರು ಬೇಗನೆ ತಮ್ಮದನ್ನಾಗಿ ಮಾಡಿಕೊಂಡರು. ಈಗ ಅದು ಶಿಬಿರದ್ದೇ ಹಬ್ಬ: ಸಂಜೆ ಮಂಟಪದಲ್ಲಿ ಎಲ್ಲರೂ ಸೇರಿ ಹಾಡುತ್ತಾರೆ, ಬ್ಯಾಂಡ್ ನುಡಿಸುತ್ತದೆ, ಆಮೇಲೆ ವಿದ್ಯುದ್ದೀಪಗಳನ್ನೆಲ್ಲ ಆರಿಸಿ, ಗೌರವಕ್ಕೆ ಪಾತ್ರರಾದ ಒಬ್ಬರು ಮೊದಲ ಲಾಟೀನು ಹಚ್ಚುತ್ತಾರೆ, ಅದರ ಹಿಂದೆಯೇ ಮನೆಮನೆಯ ಜಗಲಿಗಳಲ್ಲಿ ನೂರಾರು ಲಾಟೀನುಗಳು ಬೆಳಗುತ್ತವೆ. ಹಲವು ಮನೆಗಳಲ್ಲಿ ಅಜ್ಜಿ ಮುತ್ತಜ್ಜಿಯರ ಕಾಲದ ಲಾಟೀನುಗಳನ್ನು ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಬೇಲಿ ಹಾಕಿ ದೂರವಿಡಲು ಯತ್ನಿಸಿದ ನೆರೆಯವರಿಂದಲೇ ಶಿಬಿರಕ್ಕೆ ಅದರ ಅತ್ಯಂತ ಪ್ರೀತಿಯ ಹಬ್ಬ ಬಂದಿತು.

ಓಕ್ ಬ್ಲಫ್ಸ್ ಕಪ್ಪು ಅಮೆರಿಕನ್ನರ ಪ್ರಸಿದ್ಧ ಬೇಸಿಗೆ ನೆಲೆಯೂ ಹೌದಲ್ಲ; ಶಿಬಿರಕ್ಕೂ ಅದಕ್ಕೂ ಸಂಬಂಧವಿದೆಯೇ?

ಸಂಬಂಧವಿದೆ, ಆದರೆ ಅದು ನೇರವಾದದ್ದಲ್ಲ. ಮೇಲೆ ಹೇಳಿದ ಈಸ್ಟ್ ಚಾಪ್ ದಿಣ್ಣೆಯ ಭೂಮಿಯಲ್ಲಿ 1870ರ ದಶಕದ ಕೊನೆಯಲ್ಲಿ ಬ್ಯಾಪ್ಟಿಸ್ಟರು ಎಂಬ ಮತ್ತೊಂದು ಪ್ರೊಟೆಸ್ಟೆಂಟ್ ಪಂಥದವರು ತಮ್ಮದೇ ಸಭಾಮಂಟಪ ಕಟ್ಟಿ ಬೇಸಿಗೆ ಕೂಟಗಳನ್ನು ನಡೆಸತೊಡಗಿದರು. ಆ ಕೂಟಗಳಿಗೆ ಕಪ್ಪು ಬ್ಯಾಪ್ಟಿಸ್ಟ್ ಕುಟುಂಬಗಳೂ ಬಂದವು. ವರ್ಜೀನಿಯಾದಲ್ಲಿ ಗುಲಾಮಗಿರಿಯಲ್ಲಿ ಹುಟ್ಟಿ, ಹ್ಯಾಂಪ್ಟನ್ ವಿದ್ಯಾಸಂಸ್ಥೆಯಲ್ಲಿ ಓದಿ, ಬಾಸ್ಟನ್‌ನಲ್ಲಿ ನೆಲೆಸಿದ್ದ ಚಾರ್ಲ್ಸ್ ಶಿಯರರ್ ಮತ್ತು ಅವರ ಪತ್ನಿ ಹೆನ್ರಿಯೆಟಾ ಆ ಮಂಟಪದ ಹತ್ತಿರವೇ ಮನೆ ಕೊಂಡರು. ಹೆನ್ರಿಯೆಟಾ ಅಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಉದ್ಯಮ ನಡೆಸಿದರು. 1912ರಲ್ಲಿ ಶಿಯರರ್ ಕಾಟೇಜ್ ಎಂಬ ವಸತಿಗೃಹವೂ ತೆರೆಯಿತು. ಬೇರೆ ಹೋಟೆಲುಗಳು ಕಪ್ಪು ಅತಿಥಿಗಳಿಗೆ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಗಾಯಕ, ಸಂಗೀತ ಸಂಯೋಜಕ ಹ್ಯಾರಿ ಟಿ. ಬರ್ಲಿ ಮುಂತಾದವರು ಇಲ್ಲಿ ತಂಗುತ್ತಿದ್ದರು. ಅಲ್ಲಿಂದಲೇ ಓಕ್ ಬ್ಲಫ್ಸ್‌ನ ಕಪ್ಪು ಬೇಸಿಗೆ ಸಮುದಾಯ ಬೆಳೆದದ್ದು. ಮುಂದೆ ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್ ಕೂಡ ಇಲ್ಲಿ ಬೇಸಿಗೆ ಕಳೆದರು. ಒಬ್ಬ ಬಿಡುಗಡೆಯಾದ ಗುಲಾಮನ ಬೋಧನೆಯಿಂದ ಮೆಥೋಡಿಸ್ಟ್ ಚರಿತ್ರೆ ಆರಂಭವಾದ ಊರಿನಲ್ಲಿ ಅವನ ಜನಾಂಗದವರಿಗೆ ತಂಗಲು ಪ್ರತ್ಯೇಕ ವಸತಿ ಬೇಕಾದದ್ದು ನೋವಿನ ಸಂಗತಿ, ಅದನ್ನು ಮರೆಮಾಚುವ ಇತಿಹಾಸ ಪೂರ್ಣ ಇತಿಹಾಸವಲ್ಲ.

ಇಷ್ಟು ಮನೆಗಳು ಹೇಗೆ ಉಳಿದವು?

ಇಪ್ಪತ್ತನೆಯ ಶತಮಾನ ಬರುವ ಹೊತ್ತಿಗೆ ಉಜ್ಜೀವನ ಕೂಟಗಳ ಕಾವು ತಗ್ಗಿತ್ತು, ವಿಹಾರಕ್ಕೆ ಬರುವವರ ಅಭಿರುಚಿಯೂ ಬದಲಾಗಿತ್ತು. 1872ರಲ್ಲಿ ಕಡಲಂಚಿನಲ್ಲಿ ಎದ್ದಿದ್ದ ಭವ್ಯ ಸೀ ವ್ಯೂ ಹೋಟೆಲು 1892ರಲ್ಲಿ ಸುಟ್ಟುಹೋಯಿತು. 1874ರಲ್ಲಿ ಹಾಕಿದ ದ್ವೀಪದ ಕಿರುರೈಲು 1890ರ ದಶಕದಲ್ಲಿ ನಿಂತಿತು. ಒಣಮರದ ಮನೆಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ ನಿಂತಿರುವ ಶಿಬಿರ ಮಾತ್ರ ಅಂಥ ದೊಡ್ಡ ಬೆಂಕಿಗೆ ಸಿಗಲಿಲ್ಲ. ಕೆಲವು ಮನೆಗಳು ಬಿದ್ದವು, ಕೆಲವನ್ನು ಎತ್ತಿ ಬೇರೆಡೆಗೆ ಸಾಗಿಸಿದರು, ಮೊದಲಿನ ಐನೂರರಲ್ಲಿ 300ಕ್ಕೂ ಹೆಚ್ಚು ಉಳಿದವು. ಅವು ಹಳೆಯ ಮಾದರಿಯವೆಂದು ಜನ ಉಪೇಕ್ಷಿಸಿದ ದಶಕಗಳಲ್ಲಿ ಕೆಡವಿ ಕಟ್ಟುವಷ್ಟು ಹಣ ಯಾರಲ್ಲೂ ಇರಲಿಲ್ಲ. ಬೆಲೆ ಬಂದ ಕಾಲಕ್ಕೆ ಅವುಗಳ ಮಹತ್ವವೂ ಗೊತ್ತಾಗಿತ್ತು. 1978ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ, 2005ರಲ್ಲಿ ಅದಕ್ಕಿಂತ ಮೇಲಿನ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತು ಎಂಬ ಮಾನ್ಯತೆಗೆ ವೆಸ್ಲಿಯನ್ ಗ್ರೋವ್ ಸೇರಿತು.

ಕರ್ನಾಟಕದ ಮೆಥೋಡಿಸ್ಟರಿಗೂ ಈ ಪರಂಪರೆಗೂ ನಂಟಿದೆಯೇ?

ಈ ದ್ವೀಪದೊಂದಿಗೆ ನೇರ ನಂಟು ಹೇಳಲು ಬರುವುದಿಲ್ಲ, ಆದರೆ ಅದು ಸೇರಿದ ಪರಂಪರೆಯೊಂದಿಗೆ ಖಂಡಿತ ಇದೆ. ನಮ್ಮಲ್ಲಿ ಎರಡು ಮೆಥೋಡಿಸ್ಟ್ ಧಾರೆಗಳು ಬಂದವು. ಬೆಂಗಳೂರು, ಮೈಸೂರುಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲೇ ಕೆಲಸ ಆರಂಭಿಸಿದ ವೆಸ್ಲಿಯನ್ ಮಿಷನ್ ಇಂಗ್ಲೆಂಡಿನದು. ಅದು 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ (ಸಿ.ಎಸ್.ಐ.) ಲೀನವಾಯಿತು. ಬೀದರ್, ಕೋಲಾರ, ಬೆಳಗಾವಿ ಮುಂತಾದ ಕಡೆಗಳ ಮೆಥೋಡಿಸ್ಟ್ ಸಭೆಗಳು ಅಮೆರಿಕದ ಮೆಥೋಡಿಸ್ಟ್ ಎಪಿಸ್ಕೋಪಲ್ ಸಭೆಯಿಂದ ಬಂದವು, ವೆಸ್ಲಿಯನ್ ಗ್ರೋವ್‌ನವರ ಸಭೆಯೂ ಅದೇ. 1870ರಲ್ಲಿ ಭಾರತಕ್ಕೆ ಬಂದು, ಆ ದಶಕದಲ್ಲೇ ಬೆಂಗಳೂರಿನಲ್ಲಿಯೂ ಸಭೆ ಕಟ್ಟಿದ ವಿಲಿಯಂ ಟೇಲರ್ ಸ್ಯಾನ್ ಫ್ರಾನ್ಸಿಸ್ಕೋದ ಬೀದಿಗಳಲ್ಲಿ ಬೋಧಿಸಿ ಹೆಸರಾಗಿದ್ದವರು. ಬಯಲ ಕೂಟಗಳ ಉಜ್ಜೀವನ ಶೈಲಿಯಲ್ಲೇ ಪಳಗಿದವರು.

ನೆರೆಯ ತೆಲಂಗಾಣದ ವಿಕಾರಾಬಾದ್ ಬಳಿಯ ಧಾರೂರಿನಲ್ಲಿ 1923ರಿಂದ ನಡೆದುಬಂದಿರುವ ಮೆಥೋಡಿಸ್ಟ್ ಜಾತ್ರೆ ಈ ಪದ್ಧತಿಗೆ ನಮಗೆ ಹತ್ತಿರದ ಉದಾಹರಣೆ. ಕುಟುಂಬಸಮೇತ ಬಂದು, ಮರಗಳ ಕೆಳಗೆ ಗುಡಾರ ಹೂಡಿ, ಅಲ್ಲೇ ಅಡುಗೆ ಮಾಡಿಕೊಂಡು, ದಿನಗಟ್ಟಲೆ ಪ್ರಸಂಗ ಕೀರ್ತನೆಗಳಲ್ಲಿ ಕಳೆಯುವ ಅಲ್ಲಿನ ಕ್ರಮವನ್ನು ಕಂಡ ಕಲ್ಯಾಣ ಕರ್ನಾಟಕದ ಓದುಗರಿಗೆ 1835ರ ಒಂಬತ್ತು ಗುಡಾರಗಳ ಚಿತ್ರ ಅಪರಿಚಿತವೆನಿಸದು.

ಇಂದು ಅಲ್ಲಿ ಏನು ನಡೆಯುತ್ತದೆ, ಹೊರಗಿನವರು ಹೋಗಿ ನೋಡಬಹುದೇ?

ನೋಡಬಹುದು. ಶಿಬಿರದ ಸಂಘ ಈಗ ಒಂದೇ ಪಂಥಕ್ಕೆ ಸೀಮಿತವಾಗಿಲ್ಲ. ಬೇಸಿಗೆಯ ಭಾನುವಾರಗಳಂದು ಮಂಟಪದಲ್ಲಿ ಎಲ್ಲ ಪಂಥದ ಕ್ರೈಸ್ತರಿಗೂ ತೆರೆದ ಆರಾಧನೆ, ಬುಧವಾರದ ಸಂಜೆಗಳಲ್ಲಿ ಎಲ್ಲರೂ ಸೇರಿ ಹಾಡುವ ಕಾರ್ಯಕ್ರಮ, ಆಗಾಗ ಸಂಗೀತ ಕಚೇರಿಗಳು ಇರುತ್ತವೆ. ವುಡ್ಸ್ ಹೋಲ್‌ನಿಂದ ದೋಣಿಯಲ್ಲಿ ಮುಕ್ಕಾಲು ಗಂಟೆಯ ಪ್ರಯಾಣ. ಮನೆಗಳ ನಡುವಿನ ಹಾದಿಗಳಲ್ಲಿ ಯಾರು ಬೇಕಾದರೂ ನಡೆದಾಡಬಹುದು, ಆದರೆ ಅವು ಕುಟುಂಬಗಳು ವಾಸಿಸುವ ಮನೆಗಳೆಂಬುದನ್ನು ನೆನಪಿಟ್ಟು ಜಗಲಿ ಹತ್ತದಿರುವುದು, ಕಿಟಕಿಗೆ ಕ್ಯಾಮೆರಾ ಹಿಡಿಯದಿರುವುದು ಸೌಜನ್ಯ. ಒಳಗಿನ ರಚನೆಯನ್ನು ನೋಡಬಯಸುವವರಿಗಾಗಿ ಮಂಟಪದ ಪಕ್ಕದಲ್ಲಿಯೇ ಒಂದು ಮನೆಯನ್ನು ವಸ್ತುಸಂಗ್ರಹಾಲಯವಾಗಿ ಇಡಲಾಗಿದೆ. ಒಂದೇ ಪದರದ ಹಲಗೆಗೋಡೆಯನ್ನೂ ಎರಡು ಕದದ ಮುಂಬಾಗಿಲನ್ನೂ ಅಲ್ಲಿ ಹತ್ತಿರದಿಂದ ನೋಡಬಹುದು.